ಮುದ್ರೆ ಒಡೆಯದ ಪೆಟ್ಟಿಗೆ



ಕಳೆದ ಸಂಚಿಕೆಯಲ್ಲಿ ಮನೆತನದ ಉಳಿತಾಯವನ್ನು ಕುರಿತು ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನು ಓದಿದ ಹಲವರು ಒಂದೇ ಬಗೆಯ ಪ್ರಶ್ನೆಯನ್ನು ಕೇಳಿದ್ದಾರೆ. ನಮ್ಮ ಹುಡುಗರು ಬೆಂಗಳೂರು, ಪುಣೆಗಳಲ್ಲಿ ಕುಳಿತು ಅಂತರ್ಜಾಲದ ಮೂಲಕ ಏನೇನನ್ನೋ ಕೊಳ್ಳುತ್ತಾರೆ, ಏನೇನನ್ನೋ ಮಾರುತ್ತಾರೆ. ಇದು ವ್ಯಾಪಾರವೋ ಜೂಜೋ, ಇದನ್ನು ಕಾಯಕವೆಂದು ಕರೆಯಬಹುದೋ ಬಾರದೋ ಎಂಬುದು ಅವರ ಸಂಶಯ. ಎಲ್ಲರಿಗೂ ಸಲ್ಲುವ ಒಂದು ಉತ್ತರವನ್ನು ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಕೊಣ್ಣೂರಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಇಂಥದೇ ಒಂದು ಪ್ರಸಂಗ ನಡೆದು ಕೆಲವು ವರ್ಷಗಳಾದವು. ಅದನ್ನು ಬರೆಯಲು ಅಕ್ಕನೂ ಅವಳ ಕಿರಿಯ ಮಗನೂ ಒಪ್ಪಿಗೆ ಕೊಟ್ಟಿದ್ದಾರೆ. ಹೆಸರು ಮಾತ್ರ ಬೇಡವೆಂದಿದ್ದಾರೆ.

ಕೊಣ್ಣೂರು ನರಗುಂದ ತಾಲೂಕಿನ ಊರು. ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಹೋಗುವ ಹೆದ್ದಾರಿಯು ಇಲ್ಲಿ ಮಲಪ್ರಭೆಯನ್ನು ದಾಟುತ್ತದೆ. ಎರೆಯ ಭೂಮಿಯಲ್ಲಿ ಹತ್ತಿ, ಹೆಸರು, ಗೋವಿನಜೋಳ. ಹೊಳೆಯ ದಂಡೆಯಲ್ಲಿ ಪೇರಲ ತೋಟಗಳು. ಅಕ್ಕನ ಮನೆಯದು ಸಾಧಾರಣ ಒಕ್ಕಲುತನ. ಹಿರಿಯ ಮಗ ಹೊಲ ನೋಡಿಕೊಂಡಿದ್ದಾನೆ. ಕಿರಿಯವನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ನೌಕರಿ ಹಿಡಿದವನು.

2018ರ ದೀಪಾವಳಿಗೆ ನಾನು ಅಲ್ಲಿಗೆ ಹೋಗಿದ್ದೆ. ಜೋಳದ ಚೀಲಗಳನ್ನು ಒಟ್ಟುವ ಕೋಣೆಯಲ್ಲಿ ಬಣ್ಣಬಣ್ಣದ ಒಂಬತ್ತು ಪೆಟ್ಟಿಗೆಗಳಿದ್ದವು. ಆರು ಕೆಳಗೆ, ಮೂರು ಅಟ್ಟದ ಮೇಲೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದರ ಮೇಲೆ ತಾಜಮಹಲಿನ ಚಿತ್ರ. ಹಿರಿಯ ಮಗನ ಮಗಳು, ಆಗ ಐದು ವರ್ಷದ ಕೂಸು, ಆ ಪೆಟ್ಟಿಗೆಯ ಮುಂದೆ ಕುಳಿತು ಚಿತ್ರದ ಮೇಲೆ ಬೆರಳಾಡಿಸುತ್ತಿದ್ದಳು. ಅವಳಿಗೂ ಅವಳ ಕಾಕನಿಗೂ ನಡೆದ ಮಾತನ್ನು ಕೇಳಿದಂತೆಯೇ ಬರೆಯುತ್ತೇನೆ.

"ಕಾಕಾ, ಇದನ್ನ ಯಾವಾಗ ಒಡೀತೀ?"

"ಒಡಿಯಂಗಿಲ್ಲವ್ವಾ. ಅದು ಮಾರೂದೈತಿ."

"ಮತ್ತ ಅದರಾಗ ಏನೈತಿ ಅಂತ ನಿನಗ ಹೆಂಗ ಗೊತ್ತು?"

ನಾವೆಲ್ಲರೂ ನಕ್ಕೆವು. ಅಕ್ಕ ಮಾತ್ರ ನಗಲಿಲ್ಲ. ಒಳಗೆ ಹೋಳಿಗೆಗೆ ಹೂರಣ ರುಬ್ಬುತ್ತಿದ್ದವಳು ಅಲ್ಲಿಂದಲೇ, "ಮನ್ಯಾಗ ಆಟಿಗಿ ಐತಿ, ಕೂಸು ಮುಟ್ಟಂಗಿಲ್ಲ. ಇದೆಂಥಾ ಆಟಿಗಿ ತಮ್ಮಾ?" ಎಂದು ನನ್ನನ್ನು ಕೇಳಿದಳು. ನನಗೆ ಆಗ ಉತ್ತರ ತಿಳಿದಿರಲಿಲ್ಲ. ಆ ರಾತ್ರಿ ಹುಡುಗನು ಎಲ್ಲವನ್ನೂ ವಿವರಿಸಿ ಹೇಳಿದ. ಆಮೇಲೆ ನಾನೂ ಒಂದಷ್ಟು ಓದಿ ತಿಳಿದುಕೊಂಡೆ.

ಆ ಪೆಟ್ಟಿಗೆಗಳಲ್ಲಿದ್ದವು ಲೆಗೊ ಎಂಬ ಜೋಡಣೆಯ ಆಟಿಕೆಗಳು. ಡೆನ್ಮಾರ್ಕ್ ದೇಶದ ಬಿಲುಂಡ್ ಎಂಬ ಹಳ್ಳಿಯಲ್ಲಿ ಓಲೆ ಕಿರ್ಕ್ ಕ್ರಿಶ್ಚಿಯನ್‌ಸನ್ ಎಂಬ ಬಡಗಿಯೊಬ್ಬನಿದ್ದ. ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿದ್ದಾಗ ಮನೆ ಕಟ್ಟಿಸುವವರು ಇಲ್ಲದಾಗಿ, 1932ರಲ್ಲಿ ಅವನು ಕಟ್ಟಿಗೆಯ ಆಟಿಕೆಗಳನ್ನು ಮಾಡತೊಡಗಿದ. ಚೆನ್ನಾಗಿ ಆಡು ಎಂಬ ಅರ್ಥದ ಡೇನಿಷ್ ಮಾತಿನಿಂದ 1934ರಲ್ಲಿ ಲೆಗೊ ಎಂಬ ಹೆಸರಾಯಿತು. ಒಂದರ ಮೇಲೊಂದು ಬಿಗಿಯಾಗಿ ಕೂರುವ ಪ್ಲಾಸ್ಟಿಕ್ಕಿನ ಇಟ್ಟಿಗೆಗೆ ಪೇಟೆಂಟನ್ನು ಕೋರಿದ್ದು 1958ರ ಜನವರಿ 28ರಂದು. ಅಂದು ಮಾಡಿದ ಇಟ್ಟಿಗೆಯು ಇಂದು ಮಾಡಿದ ಇಟ್ಟಿಗೆಗೆ ಈಗಲೂ ಕೂಡಿಕೊಳ್ಳುತ್ತದೆ. ಎಂಟು ಗುಬ್ಬಿಗಳುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ.

ಈ ಬಡಗಿಯ ವಿಷಯವಾಗಿ ಆ ಸಂಸ್ಥೆಯವರು ಹೇಳುವ ಒಂದು ಕಥೆ ನನಗೆ ಬಹಳ ಹಿಡಿಸಿತು. ಕಟ್ಟಿಗೆಯ ಬಾತುಕೋಳಿಗಳಿಗೆ ಮೂರು ಸಲ ವಾರ್ನಿಷ್ ಬಳಿಯುವುದು ಅವರ ರೂಢಿಯಾಗಿತ್ತು. ಒಂದು ಸಲ ಮಗನು ಎರಡೇ ಸಲ ಬಳಿದು, ಪೆಟ್ಟಿಗೆ ಕಟ್ಟಿ ರೈಲು ನಿಲ್ದಾಣಕ್ಕೆ ಒಯ್ದು ಕೊಟ್ಟು ಬಂದು, ಇಷ್ಟು ಹಣ ಉಳಿಸಿದೆನೆಂದು ತಂದೆಯ ಮುಂದೆ ಹಿಗ್ಗಿನಿಂದ ಹೇಳಿಕೊಂಡ. ತಂದೆಯು ಅವನನ್ನು ಅದೇ ಕಾಲಿನಲ್ಲಿ ನಿಲ್ದಾಣಕ್ಕೆ ಅಟ್ಟಿದ. ಪೆಟ್ಟಿಗೆಯನ್ನು ಮರಳಿ ತರಿಸಿ, ಅವನೊಬ್ಬನ ಕೈಯಿಂದಲೇ ಮೂರನೆಯ ಸಲ ಬಳಿಸಿ, ಮತ್ತೆ ಕಟ್ಟಿಸಿ ಕಳುಹಿಸಿದ. ಕೊಳ್ಳುವ ಮಗುವಿಗೆ ಎರಡು ಲೇಪವೋ ಮೂರು ಲೇಪವೋ ತಿಳಿಯುವುದಿಲ್ಲ, ಮಾಡಿದವನಿಗೆ ತಿಳಿದಿರುತ್ತದೆ. ಸತ್ಯಶುದ್ಧ ಕಾಯಕದ ಮಾತನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿದ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಆಟಿಕೆಯ ಮಾತಾಯಿತು. ವ್ಯಾಪಾರದ್ದು ಬೇರೆಯೇ ಕಥೆ. ಆ ಸಂಸ್ಥೆಯವರು ಒಂದು ಮಾದರಿಯನ್ನು ಕೆಲವು ವರ್ಷ ಮಾಡಿ ಆಮೇಲೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿದ ಮೇಲೆ ಅಂಗಡಿಯಲ್ಲಿ ಸಿಗದ ಆ ಪೆಟ್ಟಿಗೆಗೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುತ್ತಾರೆ. ಪೆಟ್ಟಿಗೆಯ ಮುದ್ರೆ ಒಡೆದಿರಬಾರದು, ಮೂಲೆ ನುಗ್ಗಿರಬಾರದು, ಬಿಸಿಲಿಗೆ ಬಣ್ಣ ಮಾಸಿರಬಾರದು. ಒಳಗಿನ ಇಟ್ಟಿಗೆಗಳು ಎಂದೆಂದಿಗೂ ಹಾಗೆಯೇ ಇರುತ್ತವೆ. ಬೆಲೆಯೆಲ್ಲ ಹೊರಗಿನ ರಟ್ಟಿನಲ್ಲಿದೆ. ಇದು ಬರಿಯ ಹುಡುಗರ ಹುಚ್ಚೆಂದು ತಳ್ಳಿಹಾಕುವಂತಿಲ್ಲ. ಮಾಸ್ಕೋದ ವಿಶ್ವವಿದ್ಯಾಲಯವೊಂದರ ಇಬ್ಬರು ಸಂಶೋಧಕಿಯರು 1987ರಿಂದ 2015ರವರೆಗಿನ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಮಾದರಿಗಳ ಬೆಲೆಗಳನ್ನು ಪರಿಶೀಲಿಸಿ, ಮಾರಾಟ ನಿಂತ ಪೆಟ್ಟಿಗೆಗಳ ಬೆಲೆಯು ಸರಾಸರಿಯಲ್ಲಿ ವರ್ಷಕ್ಕೆ ನೂರಕ್ಕೆ ಹನ್ನೊಂದರಷ್ಟು ಏರಿದೆಯೆಂದು ಬರೆದಿದ್ದಾರೆ. ಅದೇ ಲೇಖನದಲ್ಲಿ ಕೆಲವು ಮಾದರಿಗಳು ಅರ್ಧಕ್ಕರ್ಧ ಬೆಲೆ ಕಳೆದುಕೊಂಡ ಮಾತೂ ಇದೆ. ನಮ್ಮ ಹುಡುಗರು ಮೊದಲಿನ ಸಾಲನ್ನು ಓದುತ್ತಾರೆ, ಎರಡನೆಯದನ್ನು ಓದುವುದಿಲ್ಲ.

ಮಾರುವುದು ಹರಾಜಿನಲ್ಲಿ. ನಮ್ಮ ಕಡೆ ಇದಕ್ಕೆ ಸವಾಲು, ಲಿಲಾವು ಎನ್ನುವುದುಂಟು. ಜಾತ್ರೆಯಲ್ಲಿ ತೆಂಗಿನಕಾಯಿಯ ಸವಾಲನ್ನು ಕಂಡವರಿಗೂ, ಕೃಷಿ ಮಾರುಕಟ್ಟೆಯಲ್ಲಿ ಹತ್ತಿ, ಮೆಣಸಿನಕಾಯಿಗಳನ್ನು ಮಾರಿದವರಿಗೂ ಇದು ಹೊಸದೇನಲ್ಲ. 2014ರಲ್ಲಿ ನಮ್ಮ ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಬಂದ ಮೇಲೆ ಖರೀದಿದಾರರು ಗಣಕಯಂತ್ರದ ಮೂಲಕವೇ ಬೆಲೆ ಬರೆಯುವುದು ರೈತರಿಗೆ ರೂಢಿಯಾಯಿತು. ಆಟಿಕೆಯ ಹರಾಜಿಗೆ ಹೆಸರಾದದ್ದು ಅಮೆರಿಕೆಯಲ್ಲಿ 1995ರಲ್ಲಿ ಆರಂಭವಾದ ಈಬೇ ಎಂಬ ಸಂಸ್ಥೆ. ನಮ್ಮ ದೇಶದಲ್ಲಿ 2000ದಲ್ಲಿ ಹುಟ್ಟಿದ ಬಾಜೀ ಎಂಬ ಸಂಸ್ಥೆಯನ್ನು ಅದು 2004ರಲ್ಲಿ ಕೊಂಡುಕೊಂಡಿತು. ಆ ಭಾರತೀಯ ಶಾಖೆಯು 2017ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟಿಗೆ ಸೇರಿ 2018ರ ಆಗಸ್ಟಿನಲ್ಲಿ ಮುಚ್ಚಿಹೋಯಿತು. ಆ ಬಳಿಕ ಇಲ್ಲಿಯವರು ಪರದೇಶದ ಗಿರಾಕಿಗಳಿಗೆ ಮಾರುವ ದಾರಿ ಮಾತ್ರ ಉಳಿಯಿತು.

ಅಲ್ಲಿನ ಹರಾಜಿನಲ್ಲಿ ಕೂಗುವವರಿಲ್ಲ. ಕೊಳ್ಳುವವನು ತಾನು ಎಷ್ಟರವರೆಗೆ ಏರಬಲ್ಲೆನೆಂಬುದನ್ನು ಗುಪ್ತವಾಗಿ ಬರೆದಿಡುತ್ತಾನೆ. ಯಂತ್ರವೇ ಅವನ ಪರವಾಗಿ ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋಗುತ್ತದೆ. ಒಬ್ಬ ಹತ್ತು ಸಾವಿರ, ಇನ್ನೊಬ್ಬ ಹನ್ನೆರಡು ಸಾವಿರ ಬರೆದರೆ, ಎರಡನೆಯವನಿಗೆ ಹತ್ತು ಸಾವಿರಕ್ಕಿಂತ ಒಂದು ಮೆಟ್ಟಿಲು ಮಾತ್ರ ಹೆಚ್ಚಿನ ಬೆಲೆಗೆ ವಸ್ತು ದೊರೆಯುತ್ತದೆ. ಗೆದ್ದವನು ಎರಡನೆಯವನ ಬೆಲೆಯನ್ನು ಕೊಡುವ ಹರಾಜಿನ ತತ್ತ್ವವನ್ನು 1961ರಲ್ಲಿ ವಿವರಿಸಿದ ವಿಲಿಯಂ ವಿಕ್ರೆ ಎಂಬ ಅರ್ಥಶಾಸ್ತ್ರಜ್ಞರಿಗೆ 1996ರಲ್ಲಿ ನೊಬೆಲ್ ಪುರಸ್ಕಾರ ಬಂದಿತು. ಹರಾಜಿನ ಶಾಸ್ತ್ರವನ್ನೇ ಬೆಳೆಸಿದ ಇನ್ನಿಬ್ಬರಿಗೆ 2020ರಲ್ಲಿ ಬಂದಿತು. ಆದರೆ ಯಾವ ಶಾಸ್ತ್ರವೂ ಅಳಿಸಲಾರದ ಒಂದು ವ್ಯತ್ಯಾಸವಿದೆ. ಮಾರುಕಟ್ಟೆಯಲ್ಲಿ ವ್ಯಾಪಾರಿಯು ಹತ್ತಿಯನ್ನು ಬೆರಳಲ್ಲಿ ಎಳೆದು, ಮೆಣಸಿನಕಾಯಿಯನ್ನು ಮುರಿದು ನೋಡಿ ಬೆಲೆ ಕಟ್ಟುತ್ತಾನೆ. ಇಲ್ಲಿ ಗಿರಾಕಿಯ ಕೈಗೆ ಸಿಗುವುದು ಚಿತ್ರ ಮತ್ತು ಮಾರುವವನ ಮಾತು, ಇವೆರಡೇ.

ಅಕ್ಕನ ಮಗ 2016ರಲ್ಲಿ ಈ ವ್ಯಾಪಾರಕ್ಕೆ ಕೈಹಾಕಿದ. ಮೊದಲ ವರ್ಷ ಎರಡು ಸಣ್ಣ ಪೆಟ್ಟಿಗೆಗಳನ್ನು ಮಾರಿ ಲಾಭ ಕಂಡ. ಲಾಭವೇ ಅವನನ್ನು ಕೆಡಿಸಿತೆಂದು ಈಗ ಅವನೇ ಹೇಳುತ್ತಾನೆ. ತಾಜಮಹಲಿನ ಕಥೆ ಅವನ ತಲೆಗೆ ಹತ್ತಿತ್ತು. ಲೆಗೊ ಸಂಸ್ಥೆಯವರು 2008ರಲ್ಲಿ 5,922 ತುಂಡುಗಳ ತಾಜಮಹಲನ್ನು ಮುನ್ನೂರು ಡಾಲರಿಗೆ ಮಾರಿದ್ದರು. ಅದನ್ನು ಮಾಡುವುದು ನಿಂತ ಮೇಲೆ ಮುದ್ರೆ ಒಡೆಯದ ಪೆಟ್ಟಿಗೆಯ ಬೆಲೆ ಸಾವಿರಾರು ಡಾಲರಿಗೆ ಏರಿತು. ಅಷ್ಟರಲ್ಲಿ 2017ರ ಕೊನೆಗೆ ಸಂಸ್ಥೆಯು ಅದೇ ತಾಜಮಹಲನ್ನು ಒಂದೇ ಒಂದು ತುಂಡು ಹೆಚ್ಚಾಗಿ ಮತ್ತೆ ಮಾರಾಟಕ್ಕೆ ತಂದಿತು. ಹಳೆಯ ಪೆಟ್ಟಿಗೆಗಳನ್ನು ಕೊಂಡಿಟ್ಟು ಕಾದಿದ್ದವರ ಬೆಲೆ ಕುಸಿಯಿತು. ಮೊದಲನೆಯದು ಏರಿದಂತೆ ಎರಡನೆಯದೂ ಏರೀತೆಂದು ನಮ್ಮ ಹುಡುಗ ಈ ಹೊಸದನ್ನು ಕೊಂಡ. ಮೊದಲನೆಯದು ಏಕೆ ಇಳಿಯಿತೆಂಬುದನ್ನು ವಿಚಾರಿಸಲಿಲ್ಲ.

ಒಂಬತ್ತು ಪೆಟ್ಟಿಗೆಗಳಿಗೆ ಹಾಕಿದ ಹಣ ಸುಮಾರು ಒಂದೂಕಾಲು ಲಕ್ಷ ರೂಪಾಯಿ. ಅದರಲ್ಲಿ ಅರವತ್ತು ಸಾವಿರ ಅವನದಲ್ಲ. ಹತ್ತಿ ಮಾರಿ ಬಂದದ್ದನ್ನು ತಂದೆಯಿಂದ, ಅಂದರೆ ನಮ್ಮ ಭಾವನವರಿಂದ ಪಡೆದದ್ದು. ಮೂರು ವರ್ಷದಲ್ಲಿ ಇಮ್ಮಡಿ ಮಾಡಿ ಕೊಡುವೆನೆಂದು ಹೇಳಿದ್ದ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಸ್ಥಳವಿಲ್ಲವೆಂದು ಪೆಟ್ಟಿಗೆಗಳನ್ನು ಊರಿಗೆ ತಂದಿಟ್ಟಿದ್ದ.

ಬೆಲೆಯ ಆಸೆಯಿಂದ ಆಟಿಕೆಯನ್ನು ಕೂಡಿಡುವುದು ಎಲ್ಲಿಗೆ ಮುಟ್ಟುತ್ತದೆಂಬುದಕ್ಕೆ ಅಮೆರಿಕೆಯಲ್ಲಿ ಒಂದು ಉದಾಹರಣೆಯಿದೆ. ತೊಂಬತ್ತರ ದಶಕದಲ್ಲಿ ಬೀನೀ ಬೇಬಿ ಎಂಬ ಸಣ್ಣ ಅರಿವೆಯ ಬೊಂಬೆಗಳಿಗೆ ಅಲ್ಲಿ ಹೇಳತೀರದ ಬೆಲೆ ಬಂದಿತ್ತು. 1999ರಲ್ಲಿ ಲಾಸ್ ವೇಗಾಸ್ ನಗರದಲ್ಲಿ ವಿಚ್ಛೇದನ ಪಡೆದ ದಂಪತಿಗಳಿಬ್ಬರು ತಮ್ಮ ಬೊಂಬೆಗಳನ್ನು ಹೇಗೆ ಪಾಲು ಮಾಡಿಕೊಳ್ಳಬೇಕೆಂದು ಜಗಳವಾಡಿದಾಗ, ನ್ಯಾಯಾಲಯದ ನೆಲದ ಮೇಲೆ ಕುಳಿತು ಒಂದೊಂದಾಗಿ ಆರಿಸಿಕೊಳ್ಳಬೇಕೆಂದು ಆಜ್ಞೆಯಾಯಿತು. ಅವರು ಹಾಗೆ ಕುಳಿತ ಛಾಯಾಚಿತ್ರ ಇಂದಿಗೂ ನೋಡಸಿಗುತ್ತದೆ. ಮುಂದೆ ಆ ಬೊಂಬೆಗಳಿಗೆ ಕೇಳುವವರಿಲ್ಲದಂತಾಯಿತು.

ನಮ್ಮಲ್ಲಿ ಅಂಥ ಜಗಳವೇನೂ ಆಗಲಿಲ್ಲ. ಹೊಳೆ ಬಂದಿತು.

2019ರ ಆಗಸ್ಟ್ ತಿಂಗಳನ್ನು ಮಲಪ್ರಭೆಯ ದಂಡೆಯವರು ಮರೆಯಲಾರರು. ಮೇಲೆ ಪಶ್ಚಿಮ ಘಟ್ಟದಲ್ಲಿ ಮಳೆ ಸುರಿದು, ನವಿಲುತೀರ್ಥದ ಜಲಾಶಯ ತುಂಬಿ, ಬಿಟ್ಟ ನೀರು ಕೊಣ್ಣೂರಿಗೆ ನುಗ್ಗಿತು. ಹೆದ್ದಾರಿಯ ಸಂಚಾರ ನಿಂತಿತು. ಅಕ್ಕ, ಭಾವ, ಹಿರಿಯ ಮಗ, ಸೊಸೆ, ಕೂಸು ಇಷ್ಟೂ ಜನ ದನಗಳನ್ನು ಹೊಡೆದುಕೊಂಡು ಹೊರಬಿದ್ದು ನರಗುಂದದ ಬೀಗರ ಮನೆ ಸೇರಿದರು. ಆಗ ಪೆಟ್ಟಿಗೆಗಳ ನೆನಪು ಯಾರಿಗೂ ಬರಲಿಲ್ಲ. ಬರಬೇಕಾದ ಕಾರಣವೂ ಇರಲಿಲ್ಲ. ನೀರು ಇಳಿದ ಮೇಲೆ ಮರಳಿ ಬಂದು ನೋಡಿದರೆ ಮನೆಯ ತುಂಬ ರಾಡಿ, ಹಿತ್ತಲ ಗೋಡೆ ಬಿದ್ದಿತ್ತು, ಜೋಳದ ಚೀಲಗಳು ಮೊಳೆತು ನಾರುತ್ತಿದ್ದವು. ಕೆಳಗಿದ್ದ ಆರು ಪೆಟ್ಟಿಗೆಗಳು ಹಿಟ್ಟಿನ ಮುದ್ದೆಯಂತಾಗಿದ್ದವು. ತಾಜಮಹಲು ಭಾರವೆಂದು ಕೆಳಗೇ ಇಟ್ಟಿದ್ದರು.

ಬೆಂಗಳೂರಿನಿಂದ ಧಾವಿಸಿ ಬಂದ ಹುಡುಗ ಎರಡು ದಿನ ಅಣ್ಣನ ಜೊತೆ ರಾಡಿ ಎತ್ತಿದ. ಪೆಟ್ಟಿಗೆಗಳನ್ನು ತಿಪ್ಪೆಗೆ ಒಯ್ಯುವಾಗ ಕೂಸು ಅಡ್ಡ ನಿಂತಿತು. ರಟ್ಟು ಕರಗಿತ್ತಾದರೂ ಒಳಗಿನ ಪ್ಲಾಸ್ಟಿಕ್ಕಿಗೆ ಏನೂ ಆಗಿರಲಿಲ್ಲ. ಚೀಲಗಳ ಸಣ್ಣ ತೂತಿನಿಂದ ರಾಡಿ ನೀರು ಹೊಕ್ಕಿತ್ತು, ಅಷ್ಟೇ. ಅಕ್ಕ ದೊಡ್ಡ ಬೋಗುಣಿಯಲ್ಲಿ ಸೋಪಿನ ನೀರು ಮಾಡಿ ಕೊಟ್ಟಳು. ಓಣಿಯ ಮಕ್ಕಳೆಲ್ಲ ಸೇರಿ ನಾಲ್ಕು ದಿನ ಅವುಗಳನ್ನು ತೊಳೆದು ಮಾಳಿಗೆಯ ಮೇಲೆ ಕಂಬಳಿ ಹಾಸಿ ಒಣಗಿಸಿದರು. ಊರಿಗೆ ಊರೇ ಕಣ್ಣೀರಿನಲ್ಲಿದ್ದ ಆ ವಾರ ಮಕ್ಕಳ ಸದ್ದು ಕೇಳಿದ ಒಂದೇ ಜಾಗ ತಮ್ಮ ಮಾಳಿಗೆಯಾಗಿತ್ತೆಂದು ಅಕ್ಕ ಹೇಳುತ್ತಾಳೆ. ಜೋಡಿಸುವ ಕ್ರಮದ ಪುಸ್ತಕಗಳು ಹಾಳಾಗಿದ್ದವು. ಅವನ್ನು ಸಂಸ್ಥೆಯವರೇ ಅಂತರ್ಜಾಲದಲ್ಲಿ ಉಚಿತವಾಗಿ ಕೊಡುತ್ತಾರೆ. ಆರು ಮಾದರಿಗಳ ತುಂಡುಗಳು ಒಂದರೊಳಗೊಂದು ಬೆರೆತಿದ್ದವು. ಆದರೂ ಆ ವರ್ಷದ ದೀಪಾವಳಿಯ ಹೊತ್ತಿಗೆ ತಾಜಮಹಲು ಎದ್ದು ನಿಂತಿತು. ಒಂದು ಮಿನಾರಿನ ತುದಿ ಸಿಗಲಿಲ್ಲ. ಅಲ್ಲಿ ಪೆನ್ನಿನ ಟೊಪ್ಪಿಗೆ ಇದೆ.

ಅಟ್ಟದ ಮೇಲಿನ ಮೂರು ಪೆಟ್ಟಿಗೆಗಳಿಗೆ ನೀರು ಮುಟ್ಟಿರಲಿಲ್ಲ. ಹುಡುಗನು ಅವನ್ನು ಬೆಂಗಳೂರಿಗೆ ಒಯ್ದ. 2021ರಲ್ಲಿ ಹಿತ್ತಲ ಗೋಡೆಯನ್ನು ಪೂರ್ತಿ ಕಟ್ಟಿಸಲು ಹಣ ಬೇಕಾಯಿತು. ಮೂರರಲ್ಲಿ ಒಂದು ಲಂಡನ್ ನಗರದ ಟವರ್ ಸೇತುವೆಯದು, 4,287 ತುಂಡುಗಳ ದೊಡ್ಡ ಮಾದರಿ. ಅಷ್ಟರಲ್ಲಿ ಅದರ ತಯಾರಿಕೆ ನಿಂತು ಬೆಲೆ ಏರಿತ್ತು. ಹರಾಜಿಗೆ ಇಡುವ ಮುನ್ನ ಅವನು ತಾಯಿಗೆ ದೂರವಾಣಿ ಮಾಡಿದ. ನಾನು ಆ ದಿನ ಅಲ್ಲಿಯೇ ಇದ್ದೆ.

"ಅವ್ವಾ, ಇವಕ್ಕ ನೀರು ಮುಟ್ಟಿಲ್ಲ. ಒಂದು ಮೂಲಿ ಸೈತ ನುಗ್ಗಿಲ್ಲ. ಹೊಳಿ ಬಂದಿದ್ದು ಬರೀಬೇಕೇನ?"

"ವಾಸ ಬರತೈತೇನ?"

"ಸ್ವಲ್ಪ ಬರತೈತಿ. ಜಿಗಟು ವಾಸ."

"ನೀ ತಗಿಯೂ ಫೋಟೋದಾಗ ವಾಸ ಕಾಣತೈತೇನ?"

"ಇಲ್ಲ."

"ಮತ್ತ ಬರಿ."

ಅಷ್ಟೇ ಮಾತು. ಅಕ್ಕ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಅವಳು ಫೋನು ಇಟ್ಟು ಹಿತ್ತಲಿಗೆ ಹೋದಳು. ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿದ ತಾಯಿ ಆಕೆ. ಆ ಅಕ್ಕಿಯನ್ನು ಮಾರಯ್ಯನು ಕದ್ದು ತಂದಿರಲಿಲ್ಲ, ಬಿದ್ದದ್ದನ್ನೇ ಆಯ್ದಿದ್ದ. ಆದರೂ ಆಕೆಯ ಕಣ್ಣಿಗೆ ಅದರಲ್ಲಿ ಆಸೆ ಕಂಡಿತು. ನಾವು ಪ್ರವಚನಗಳಲ್ಲಿ ಈ ಕಥೆಯನ್ನು ಕೇಳಿ ತಲೆದೂಗುತ್ತೇವೆ. ಗೋಡೆ ಬಿದ್ದ ಮನೆಯಲ್ಲಿ ನಿಂತು ಹಾಗೆ ಹೇಳುವುದು ಎಷ್ಟು ಕಠಿಣವೆಂಬುದು ನನಗೆ ಆ ದಿನ ತಿಳಿಯಿತು.

ಹುಡುಗನು ತಾಯಿಯ ಮಾತಿನಂತೆಯೇ ಬರೆದ: ಪೆಟ್ಟಿಗೆಯಿದ್ದ ಮನೆಗೆ 2019ರಲ್ಲಿ ನದಿಯ ನೀರು ಹೊಕ್ಕಿತ್ತು, ಪೆಟ್ಟಿಗೆಗೆ ನೀರು ತಾಗಿಲ್ಲ, ತೇವದ ವಾಸನೆ ಸ್ವಲ್ಪ ಇದೆ ಎಂದು. ಹರಾಜು ಏಳು ದಿನ ನಡೆಯಿತು. ಅದೇ ಮಾದರಿಯ ಬೇರೆ ಪೆಟ್ಟಿಗೆಗಳಿಗೆ ಬಂದ ಬೆಲೆಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ ಬಂದಿತು. ಆ ಸಾಲನ್ನು ಬರೆಯದಿದ್ದರೆ ಗೋಡೆಯ ಇಟ್ಟಿಗೆಯ ಖರ್ಚಾದರೂ ನೀಗುತ್ತಿತ್ತೆಂದು ಭಾವನವರು ಒಂದೆರಡು ಸಲ ಗೊಣಗಿದರು. ಕೊಂಡವನು ಆಸ್ಟ್ರೇಲಿಯಾದವನು. ಪೆಟ್ಟಿಗೆ ತಲುಪಿದ ಮೇಲೆ, ನೀವು ಬರೆದಷ್ಟು ವಾಸನೆ ಇಲ್ಲವೆಂದು ಒಂದು ಸಾಲು ಬರೆದು ಕಳುಹಿಸಿದ್ದ. ಆ ಸಾಲಿನಿಂದ ಗೋಡೆ ಏಳಲಿಲ್ಲ, ನಿಜ.

ಈ ಸಂದರ್ಭದಲ್ಲಿ ಕೊಣ್ಣೂರಿನ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಹಿಂದೆ ಕೊಳನೂರೆಂದು ಹೆಸರಿದ್ದ ಈ ಊರಿನಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿನ, ಶಕ ವರ್ಷ 782ರ, ಎಂದರೆ ಕ್ರಿ.ಶ. 860ರ ದಾನವನ್ನು ಹೇಳುವ ಶಿಲಾಶಾಸನವಿದೆ. ಇದು ತಾಮ್ರಪಟದ ಮೇಲಿದ್ದದ್ದನ್ನು ಆಮೇಲೆ ಕಲ್ಲಿನ ಮೇಲೆ ಬರೆಯಿಸಿದ ಪ್ರತಿಯೆಂದು ಆ ಶಾಸನವೇ ಹೇಳಿಕೊಳ್ಳುತ್ತದೆ. ಅದರಲ್ಲಿರುವುದೆಲ್ಲ ಎಷ್ಟು ಪ್ರಾಚೀನ ಎಂಬುದನ್ನು ಕುರಿತು ವಿದ್ವಾಂಸರು ಸಂಶಯಪಟ್ಟದ್ದುಂಟು. ಅದು ಅವರ ಚರ್ಚೆ. ಪ್ರತಿಯನ್ನು ಪ್ರತಿಯೆಂದೇ ಕೆತ್ತಿಸಿದ ಊರು ಇದು ಎಂಬುದಷ್ಟೇ ನನ್ನ ಸಂತೋಷ. ಏಕೆಂದರೆ ಆಟಿಕೆಯ ಪೇಟೆಯಲ್ಲಿ ನಕಲಿನ ಹಾವಳಿ ಸಣ್ಣದಲ್ಲ. ಚೀನಾದಲ್ಲಿ ಲೆಪಿನ್ ಎಂಬ ಹೆಸರಿನಿಂದ ಲೆಗೊ ಪೆಟ್ಟಿಗೆಗಳನ್ನು ಹೋಲುವ ಪೆಟ್ಟಿಗೆಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದವರನ್ನು ಅಲ್ಲಿನ ಪೊಲೀಸರು 2019ರಲ್ಲಿ ಹಿಡಿದರು.

ಇನ್ನು ಓದುಗರ ಪ್ರಶ್ನೆಗೆ ಬರುತ್ತೇನೆ. ಕೊಂಡು ಮಾರುವುದು ನಮ್ಮ ಪರಂಪರೆಗೆ ಹೊರಗಿನದಲ್ಲ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ನಮ್ಮ ಪುಲಿಗೆರೆಗೆ, ಇಂದಿನ ಲಕ್ಷ್ಮೇಶ್ವರಕ್ಕೆ, ಬಂದ ಆದಯ್ಯನ ಮೇಲೆ ಹರಿಹರ ಕವಿಯು ರಗಳೆಯನ್ನೇ ಬರೆದಿದ್ದಾನೆ. ಬಣಜಿಗ ಮನೆತನಗಳು ತಲೆಮಾರುಗಳಿಂದ ತಕ್ಕಡಿ ಹಿಡಿದು ಬಾಳಿವೆ. ತನ್ನ ಹಣದಿಂದ ಕೊಂಡು, ವಸ್ತುವನ್ನು ಕೈಯಲ್ಲಿಟ್ಟುಕೊಂಡು, ಇದ್ದದ್ದನ್ನು ಇದ್ದಂತೆ ಹೇಳಿ ಮಾರಿದರೆ ಅದು ವ್ಯಾಪಾರವೇ ಹೌದು. ಮಾರುವ ಜಾಗ ಮಾರುಕಟ್ಟೆಯಾದರೇನು, ಮೊಬೈಲಾದರೇನು? ನಮ್ಮ ಹುಡುಗ ತಪ್ಪಿದ್ದು ಅಲ್ಲಿ ಅಲ್ಲ. ತಂದೆಯ ಹತ್ತಿಯ ಹಣವನ್ನು ತಂದೆಗೆ ತಿಳಿಯದ ವ್ಯಾಪಾರದಲ್ಲಿ ಹೂಡಿದನಲ್ಲ, ಅಲ್ಲಿ ತಪ್ಪಿದ. ಭಾವನವರಿಗೆ ಹೆಸರಿನ ಪೇಟೆ ಗೊತ್ತು, ಹತ್ತಿಯ ಪೇಟೆ ಗೊತ್ತು. ಏರಿದರೆ ಏಕೆ, ಇಳಿದರೆ ಏಕೆ ಎಂದು ಹೇಳಬಲ್ಲರು. ರಟ್ಟಿನ ಪೆಟ್ಟಿಗೆಯ ಬೆಲೆ ಬಿಲುಂಡ್ ಹಳ್ಳಿಯವರ ಒಂದು ನಿರ್ಧಾರದಿಂದ ಬೀಳಬಲ್ಲದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಲೆಕ್ಕವನ್ನೂ ಅವನು ಪೂರ್ತಿ ಹಾಕಿರಲಿಲ್ಲ. ಹತ್ತು ಸಾವಿರಕ್ಕೆ ಕೊಂಡ ಪೆಟ್ಟಿಗೆ ನಾಲ್ಕು ವರ್ಷದ ಮೇಲೆ ಹದಿನಾರು ಸಾವಿರಕ್ಕೆ ಹೋಯಿತೆನ್ನಿ. ಕೇಳಲಿಕ್ಕೆ ಬಹಳ ಚೆನ್ನ. ಹರಾಜಿನ ಸಂಸ್ಥೆಗೆ ನೂರಕ್ಕೆ ಹದಿಮೂರರಂತೆ ಹಿಡಿದರೆ 2,080 ರೂಪಾಯಿ, ಕಟ್ಟುವ ಮತ್ತು ಅಂಚೆಯ ವೆಚ್ಚ 2,500 ಎಂದರೆ ಕೈಯಲ್ಲಿ ಉಳಿಯುವುದು 11,420. ಅದೇ ಹತ್ತು ಸಾವಿರವನ್ನು ನೂರಕ್ಕೆ ಏಳರ ಬಡ್ಡಿಗೆ ಇಟ್ಟಿದ್ದರೆ ಚಕ್ರಬಡ್ಡಿ ಸೇರಿ 13,100 ದಾಟುತ್ತಿತ್ತು. ಇಲಿ, ಗೆದ್ದಲು, ಹೊಳೆಗಳ ಭಯವೂ ಇರುತ್ತಿರಲಿಲ್ಲ. ಲಾಭವಾದರೆ ಆದಾಯ ತೆರಿಗೆಯ ಲೆಕ್ಕ ಬೇರೆ. ಹೊರದೇಶದಿಂದ ಆಟಿಕೆ ತರಿಸುವ ಸುಂಕವು 2020ರಲ್ಲಿ ನೂರಕ್ಕೆ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಯಿತು. ಹೊಸದಾಗಿ ಈ ವ್ಯಾಪಾರಕ್ಕೆ ಇಳಿಯುವ ಹುಡುಗರು ಇವನ್ನೆಲ್ಲ ತಿಳಿದವರಲ್ಲಿ ಕೇಳಿಕೊಂಡೇ ಹೆಜ್ಜೆಯಿಡುವುದು ಲೇಸು.

ಆ ಗುರುತಿನ ನಿಯಮದಿಂದ ಕುಶಲಕರ್ಮಿಗಳಿಗೂ, ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಸರಕಾರ ವಿನಾಯಿತಿ ಕೊಟ್ಟಿತು. ಹಾಗಾಗಿ ಚನ್ನಪಟ್ಟಣದ ಗೊಂಬೆಗಳೂ ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳೂ ಉಳಿದುಕೊಂಡವು. ಹಗುರ ಮರದ ತುಂಡನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಬಣ್ಣ ಹಚ್ಚುವ ಕಿನ್ನಾಳದ ಚಿತ್ರಗಾರ ಮನೆತನಗಳನ್ನು ಗಜೇಂದ್ರಗಡ, ರೋಣದ ಕಡೆಯವರು ಚೆನ್ನಾಗಿ ಬಲ್ಲರು. ಅದೇ ಜಿಲ್ಲೆಯ ಭಾನಾಪುರದಲ್ಲಿ ನಾನೂರು ಎಕರೆಯ ಆಟಿಕೆ ಕೈಗಾರಿಕಾ ವಲಯಕ್ಕೆ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ನನ್ನ ಒಲವು ಎತ್ತ ಎಂಬುದನ್ನು ಮುಚ್ಚಿಡುವುದಿಲ್ಲ. ಗೊಂಬೆ ಮಾಡಿದವನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ನನಗೆ ಸಂತೋಷ. ಮುಚ್ಚಿದ ಪೆಟ್ಟಿಗೆ ಹತ್ತು ಕೈ ದಾಟಿ ಹತ್ತು ಪಟ್ಟು ಬೆಲೆ ಪಡೆದರೂ ಅದನ್ನು ಮಾಡಿದ ಕೈಗೆ ಒಂದು ಕಾಸೂ ಹೋಗುವುದಿಲ್ಲ, ಆಡುವ ಕೈಗೂ ಅದು ಸಿಗುವುದಿಲ್ಲ. ಇದನ್ನು ಅಧರ್ಮವೆನ್ನಲಾರೆ, ಆದರೆ ಅಕ್ಕ ಅಂದು ಹೂರಣ ರುಬ್ಬುತ್ತ ಕೇಳಿದ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ.

ಟವರ್ ಸೇತುವೆಯ ಹಣ ಗೋಡೆಗೆ ಹೋಯಿತು. ಎರಡನೆಯ ಪೆಟ್ಟಿಗೆಯನ್ನು ಅವನು ಅದೇ ಸಾಲನ್ನು ಬರೆದು ಅದೇ ರೀತಿ ಮಾರಿದ. ತಂದೆಯ ಅರವತ್ತು ಸಾವಿರವನ್ನು ಸಂಬಳದಿಂದ ತಿಂಗಳು ತಿಂಗಳು ಕೊಟ್ಟು 2022ರಲ್ಲಿ ತೀರಿಸಿದ. ಇಮ್ಮಡಿಯ ಮಾತನ್ನು ಭಾವನವರು ಎತ್ತಲಿಲ್ಲ. ಮೂರನೆಯ ಪೆಟ್ಟಿಗೆ ಇನ್ನೂ ಅವನ ಬೆಂಗಳೂರಿನ ಮನೆಯ ಕಪಾಟಿನ ಮೇಲಿದೆ. ಈಗ ಅವನಿಗೂ ಎರಡು ವರ್ಷದ ಮಗನಿದ್ದಾನೆ. ಬರುವ ದೀಪಾವಳಿಗೆ ಊರಿಗೆ ಬರುವಾಗ ಆ ಪೆಟ್ಟಿಗೆಯನ್ನೂ ತರುತ್ತೇನೆಂದು ಹೇಳಿದ್ದಾನಂತೆ. ಅಟ್ಟದ ಮೇಲೆ ಇಡಲಿಕ್ಕೋ ಒಡೆಯಲಿಕ್ಕೋ ಎಂಬುದನ್ನು ಅವನು ಹೇಳಿಲ್ಲ, ಅಕ್ಕನೂ ಕೇಳಿಲ್ಲ.